ದೊಡ್ಡ ವಿಮಾನಗಳ ಪೈಲಟ್ ವೇತನ ಒಪ್ಪಂದ

ಪೈಲಟ್ ವೇತನ ಒಪ್ಪಂದ ಎಂಬುದು ವಿಮಾನಯಾನ ಸಂಸ್ಥೆ ಮತ್ತು ಅದರ ಪೈಲಟ್‌ಗಳ ನಡುವೆ ವೇತನ, ಹಾರಾಟದ ಗಂಟೆಗಳು, ಬಡ್ತಿ ಹಾಗೂ ಸೇವಾ ಷರತ್ತುಗಳನ್ನು ಕುರಿತು ಏರ್ಪಡುವ ಲಿಖಿತ ಕರಾರು. ಸಂಸ್ಥೆಯೊಂದು ತನ್ನಲ್ಲಿರುವುದಕ್ಕಿಂತ ದೊಡ್ಡ ವಿಮಾನಗಳನ್ನು ಕೊಂಡಾಗ, ಅಥವಾ ಅಂತಹ ವಿಮಾನಗಳಿರುವ ಮತ್ತೊಂದು ಸಂಸ್ಥೆಯೊಡನೆ ವಿಲೀನಗೊಂಡಾಗ, ಈ ಕರಾರನ್ನು ಹೊಸದಾಗಿ ರೂಪಿಸಬೇಕಾಗುತ್ತದೆ. ಆಗ ಪೈಲಟ್‌ಗಳ ಮುಂದೆ ಬರುವ ಪ್ರಶ್ನೆ ಗಂಟೆಗೆ ಎಷ್ಟು ರೂಪಾಯಿ ಎಂಬುದಷ್ಟೇ ಅಲ್ಲ. ತಿಂಗಳಿಗೆ ಎಷ್ಟು ಗಂಟೆಗಳ ವೇತನ ಖಾತರಿ, ದೊಡ್ಡ ವಿಮಾನದ ಸರದಿ ಮೊದಲು ಯಾರಿಗೆ, ಸಹಿ ಹಾಕಿದ ಮೇಲೆ ಕಾನೂನಿನಲ್ಲಿ ಪೈಲಟ್‌ನ ಸ್ಥಾನವೇನು ಎಂಬ ಪ್ರಶ್ನೆಗಳೂ ಅದರೊಡನೆ ಸೇರಿಕೊಳ್ಳುತ್ತವೆ. ಭಾರತದಲ್ಲಿ 2011 ಮತ್ತು 2012ರ ಏರ್ ಇಂಡಿಯಾ ಮುಷ್ಕರಗಳು, 2023ರ ಏರ್ ಇಂಡಿಯಾ ವೇತನ ವಿವಾದ ಹಾಗೂ 2024ರ ವಿಸ್ತಾರ ಬಿಕ್ಕಟ್ಟು ಈ ಪ್ರಶ್ನೆಗಳ ಸುತ್ತಲೇ ನಡೆದವು.

ವಿಮಾನದ ಗಾತ್ರ ಮತ್ತು ವೇತನ

ಪ್ರಯಾಣಿಕ ವಿಮಾನಗಳನ್ನು ಸಾಮಾನ್ಯವಾಗಿ ಎರಡು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಆಸನಗಳ ನಡುವೆ ಒಂದೇ ಓಡಾಟದ ದಾರಿಯಿರುವ ಏರ್‌ಬಸ್ ಎ320, ಬೋಯಿಂಗ್ 737 ಮೊದಲಾದವು ನ್ಯಾರೋಬಾಡಿ ವಿಮಾನಗಳು. ಎರಡು ಓಡಾಟದ ದಾರಿಗಳಿರುವ ಬೋಯಿಂಗ್ 777, ಬೋಯಿಂಗ್ 787, ಏರ್‌ಬಸ್ ಎ350 ಮೊದಲಾದವು ವೈಡ್‌ಬಾಡಿ ವಿಮಾನಗಳು. ಮೊದಲ ವರ್ಗದವು ಹೆಚ್ಚಾಗಿ ದೇಶದೊಳಗಿನ ಹಾಗೂ ಸಮೀಪದ ದೇಶಗಳ ಹಾರಾಟಕ್ಕೂ, ಎರಡನೆಯ ವರ್ಗದವು ಖಂಡಾಂತರ ಹಾರಾಟಕ್ಕೂ ಬಳಕೆಯಾಗುತ್ತವೆ.

ವಿಮಾನ ದೊಡ್ಡದಾದಷ್ಟೂ ಪೈಲಟ್‌ನ ವೇತನ ಹೆಚ್ಚಬೇಕೆಂಬ ರೂಢಿಗೆ ಸುಮಾರು ತೊಂಬತ್ತು ವರ್ಷಗಳ ಇತಿಹಾಸವಿದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1931ರಲ್ಲಿ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಎಂಬ ಸಂಘ ಸ್ಥಾಪನೆಯಾಯಿತು. 1934ರಲ್ಲಿ ಅಲ್ಲಿನ ರಾಷ್ಟ್ರೀಯ ಕಾರ್ಮಿಕ ಮಂಡಳಿಯು ‘ನಿರ್ಣಯ 83’ ಎಂದು ಹೆಸರಾದ ಆದೇಶದಲ್ಲಿ ಪೈಲಟ್‌ಗಳಿಗೆ ಮೂಲ ವೇತನ, ಗಂಟೆಯ ವೇತನ ಮತ್ತು ಮೈಲಿಯ ವೇತನವನ್ನು ನಿಗದಿಪಡಿಸಿತು. ಗಂಟೆಯ ದರವು ವಿಮಾನದ ವೇಗವನ್ನು ಅನುಸರಿಸಿ ಏರುತ್ತಿತ್ತು. ಮುಂದೆ ವಿಮಾನದ ತೂಕವೂ ಈ ಲೆಕ್ಕಕ್ಕೆ ಸೇರಿತು. ವೇಗವಾಗಿ ಹಾರುವ, ಹೆಚ್ಚು ಜನರನ್ನು ಹೊರುವ ವಿಮಾನವು ಸಂಸ್ಥೆಗೆ ತರುವ ಆದಾಯದಲ್ಲಿ ಅದನ್ನು ನಡೆಸುವವರಿಗೂ ಪಾಲು ಸಲ್ಲಬೇಕೆಂಬುದು ಇದರ ಹಿಂದಿನ ತರ್ಕ. ಏರ್ ಇಂಡಿಯಾ ಮೊದಲು ತರಿಸಿಕೊಂಡ ಬೋಯಿಂಗ್ 787 ವಿಮಾನಗಳಲ್ಲಿ 256 ಆಸನಗಳಿದ್ದವು. ಎ320 ವಿಮಾನದಲ್ಲಿ ಸಾಮಾನ್ಯವಾಗಿ 180ರಷ್ಟು ಆಸನಗಳಿರುತ್ತವೆ. ಎರಡನ್ನೂ ಒಬ್ಬ ಕಮಾಂಡರ್ ಮತ್ತು ಒಬ್ಬ ಫಸ್ಟ್ ಆಫೀಸರ್ ಸೇರಿ ನಡೆಸಬಹುದು.

ಈ ತರ್ಕಕ್ಕೆ ಪ್ರತಿವಾದವೂ ಇದೆ. ನ್ಯಾರೋಬಾಡಿ ಪೈಲಟ್ ಒಂದೇ ದಿನದಲ್ಲಿ ಹಲವು ಬಾರಿ ವಿಮಾನವನ್ನು ಏರಿಸಿ ಇಳಿಸುತ್ತಾನೆ. ವಿಮಾನ ಚಾಲನೆಯಲ್ಲಿ ಹೆಚ್ಚು ಏಕಾಗ್ರತೆ ಬೇಡುವ ಹಂತಗಳು ಇವೇ. ಖಂಡಾಂತರ ಹಾರಾಟದ ಪೈಲಟ್‌ಗೆ ಇಳಿಸುವ ಅವಕಾಶಗಳು ಕಡಿಮೆ, ಆದರೆ ರಾತ್ರಿಯ ಹಾರಾಟ ಮತ್ತು ಕಾಲವಲಯ ಬದಲಾವಣೆಯಿಂದ ಉಂಟಾಗುವ ದಣಿವು ಹೆಚ್ಚು. ಆದ್ದರಿಂದ ಯಾವ ಕೆಲಸ ಹೆಚ್ಚು ಕಷ್ಟದ್ದೆಂಬುದನ್ನು ಗಾತ್ರವೊಂದರಿಂದಲೇ ತೀರ್ಮಾನಿಸಲಾಗದು. ಅಮೆರಿಕದ ಸರಕು ಸಾಗಣೆ ಸಂಸ್ಥೆ ಯುಪಿಎಸ್ ತನ್ನ ಎಲ್ಲ ಮಾದರಿಯ ವಿಮಾನಗಳ ಪೈಲಟ್‌ಗಳಿಗೂ ಒಂದೇ ದರದ ವೇತನ ಕೊಡುವ ಪದ್ಧತಿಯನ್ನು ಅನುಸರಿಸುತ್ತದೆ.

ವೇತನದ ಅಂಗಗಳು

ಭಾರತದ ವಿಮಾನಯಾನ ಸಂಸ್ಥೆಗಳಲ್ಲಿ ಪೈಲಟ್‌ನ ಮಾಸಿಕ ಆದಾಯವು ಸಾಮಾನ್ಯವಾಗಿ ಈ ಅಂಗಗಳಿಂದ ಕೂಡಿರುತ್ತದೆ:

ಮೂಲ ವೇತನ ಮತ್ತು ಸ್ಥಿರ ಭತ್ಯೆಗಳು: ಹಾರಾಟ ನಡೆದರೂ ನಡೆಯದಿದ್ದರೂ ಸಲ್ಲುವ ಮೊತ್ತ.

ಹಾರಾಟ ಭತ್ಯೆ: ಹಾರಿದ ಗಂಟೆಗಳಿಗೆ ಅನುಗುಣವಾದ ಪಾವತಿ. ಆದಾಯದ ದೊಡ್ಡ ಭಾಗ ಇದರಿಂದಲೇ ಬರುತ್ತದೆ. ಕಮಾಂಡರ್ ಮತ್ತು ಫಸ್ಟ್ ಆಫೀಸರ್‌ಗಳ ದರ ಬೇರೆ ಬೇರೆ.

ಕನಿಷ್ಠ ಖಾತರಿ ಗಂಟೆಗಳು: ಸಂಸ್ಥೆ ಅಷ್ಟು ಹಾರಾಟ ಒದಗಿಸದಿದ್ದರೂ ಪಾವತಿಸಲು ಒಪ್ಪಿಕೊಂಡ ಗಂಟೆಗಳ ಸಂಖ್ಯೆ.

ವಿಮಾನದ ಮಾದರಿಯ ಭತ್ಯೆ: ವೈಡ್‌ಬಾಡಿ ಅಥವಾ ವಿಶೇಷ ಅರ್ಹತೆ ಬೇಡುವ ವಿಮಾನಗಳಿಗೆ ಸಲ್ಲುವ ಹೆಚ್ಚುವರಿ ಮೊತ್ತ.

ಲೇಓವರ್ ಭತ್ಯೆ: ಹೊರ ಊರು ಅಥವಾ ಹೊರ ದೇಶದಲ್ಲಿ ತಂಗಿದಾಗ ಸಲ್ಲುವ ದಿನಭತ್ಯೆ.

ದೀರ್ಘ ಹಾರಾಟಗಳಲ್ಲಿ ಇಬ್ಬರಿಗಿಂತ ಹೆಚ್ಚು ಪೈಲಟ್‌ಗಳಿದ್ದು, ಸರದಿಯಂತೆ ವಿಶ್ರಾಂತಿ ಪಡೆಯುತ್ತಾರೆ. ವಿಮಾನದೊಳಗೆ ವಿಶ್ರಾಂತಿಯಲ್ಲಿ ಕಳೆದ ಗಂಟೆಗಳಿಗೆ ಪೂರ್ಣ ದರ ಸಲ್ಲಬೇಕೇ, ಕಡಿಮೆ ದರ ಸಾಕೇ ಎಂಬುದು ದೊಡ್ಡ ವಿಮಾನಗಳ ಒಪ್ಪಂದಗಳಲ್ಲಿ ಮಾತ್ರ ಎದುರಾಗುವ ಪ್ರಶ್ನೆ.

ಖಾತರಿ ಗಂಟೆಗಳ ಮಹತ್ವ

ಒಪ್ಪಂದದ ಕರಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಗಂಟೆಯ ದರ. ಆದರೆ ತಿಂಗಳ ಆದಾಯವನ್ನು ನಿರ್ಧರಿಸುವಲ್ಲಿ ಖಾತರಿ ಗಂಟೆಗಳ ಪಾತ್ರ ಅಷ್ಟೇ ಮುಖ್ಯ. ಇದನ್ನು ಊಹೆಯ ಅಂಕಿಗಳಿಂದ ವಿವರಿಸಬಹುದು. ಹಳೆಯ ಕರಾರಿನಲ್ಲಿ ಗಂಟೆಗೆ 5,000 ರೂಪಾಯಿಯಂತೆ 70 ಗಂಟೆಗಳ ಖಾತರಿ ಇದೆ ಎಂದು ಭಾವಿಸಿದರೆ, ವಿಮಾನ ಹಾರಲಿ ಬಿಡಲಿ, ಪೈಲಟ್‌ಗೆ 3,50,000 ರೂಪಾಯಿ ಸಲ್ಲುತ್ತದೆ. ಹೊಸ ಕರಾರಿನಲ್ಲಿ ದರವನ್ನು 6,000 ರೂಪಾಯಿಗೆ ಏರಿಸಿ ಖಾತರಿಯನ್ನು 40 ಗಂಟೆಗೆ ಇಳಿಸಿದರೆ, ಖಚಿತವಾಗಿ ದೊರೆಯುವುದು 2,40,000 ರೂಪಾಯಿ ಮಾತ್ರ. ಹಿಂದಿನ ಖಾತರಿ ಮೊತ್ತವನ್ನು ಮುಟ್ಟಲು ಪೈಲಟ್ 58 ಗಂಟೆಗಳಿಗಿಂತ ಹೆಚ್ಚು ಹಾರಬೇಕು. ದರ ಶೇಕಡ 20ರಷ್ಟು ಏರಿದರೂ ಖಚಿತ ಆದಾಯ ಶೇಕಡ 31ರಷ್ಟು ಕುಸಿದಂತಾಗುತ್ತದೆ.

ಗಂಟೆಗಳನ್ನು ಬೇಕಾದಷ್ಟು ಹೆಚ್ಚಿಸಿಕೊಳ್ಳಲೂ ಬರುವುದಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳ ಪ್ರಕಾರ ಪೈಲಟ್ ಒಬ್ಬ 365 ದಿನಗಳಲ್ಲಿ 1,000 ಗಂಟೆಗಳಿಗಿಂತ ಹೆಚ್ಚು ಹಾರುವಂತಿಲ್ಲ. ಇದು ತಿಂಗಳಿಗೆ ಸರಾಸರಿ 83 ಗಂಟೆಗಳಾಗುತ್ತದೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಸುಮಾರು 14,000 ಕಿಲೋಮೀಟರ್ ದೂರದ ನೇರ ಹಾರಾಟಕ್ಕೆ ಒಂದು ಕಡೆಗೆ 16–17 ಗಂಟೆ ಬೇಕಾಗುತ್ತದೆ. ಇಂತಹ ಮಾರ್ಗದಲ್ಲಿ ತಿಂಗಳಿಗೆ ಎರಡು ಬಾರಿ ಹೋಗಿಬಂದರೆ 66 ಗಂಟೆಗಳ ಆಸುಪಾಸು ತಲುಪುತ್ತದೆ. ಹಾರಾಟವೊಂದು ರದ್ದಾದರೆ ತಿಂಗಳ ಗಂಟೆಗಳಲ್ಲಿ ಅರ್ಧದಷ್ಟು ಕೈಬಿಡಬಹುದು. ನ್ಯಾರೋಬಾಡಿ ಪೈಲಟ್‌ನ ಗಂಟೆಗಳು ಅನೇಕ ಸಣ್ಣ ಹಾರಾಟಗಳಲ್ಲಿ ಹಂಚಿಹೋಗಿರುವುದರಿಂದ ಒಂದು ಹಾರಾಟ ತಪ್ಪಿದರೆ ನಷ್ಟ ಕಡಿಮೆ. ಹೀಗಾಗಿ ದೊಡ್ಡ ವಿಮಾನದ ಪೈಲಟ್‌ಗೆ ಖಾತರಿ ಗಂಟೆಗಳ ಷರತ್ತು ಹೆಚ್ಚು ಬೆಲೆಯುಳ್ಳದ್ದು.

ಜ್ಯೇಷ್ಠತೆ ಮತ್ತು ಬಡ್ತಿ

ಪೈಲಟ್‌ನ ಜೀವಮಾನದ ಗಳಿಕೆಯನ್ನು ರೂಪಿಸುವ ಮತ್ತೊಂದು ಅಂಶ ಜ್ಯೇಷ್ಠತಾ ಪಟ್ಟಿ. ಫಸ್ಟ್ ಆಫೀಸರ್ ಯಾವಾಗ ಕಮಾಂಡರ್ ಆಗುತ್ತಾನೆ, ನ್ಯಾರೋಬಾಡಿಯ ಕಮಾಂಡರ್ ಯಾವಾಗ ವೈಡ್‌ಬಾಡಿಗೆ ಹೋಗುತ್ತಾನೆ, ಯಾವ ಊರನ್ನು ನೆಲೆಯಾಗಿ ಪಡೆಯುತ್ತಾನೆ ಎಂಬುದನ್ನು ಬಹುಪಾಲು ಈ ಪಟ್ಟಿಯೇ ತೀರ್ಮಾನಿಸುತ್ತದೆ. ಸಂಸ್ಥೆ ಬದಲಿಸಿದ ಪೈಲಟ್ ಸಾಮಾನ್ಯವಾಗಿ ಹೊಸ ಸಂಸ್ಥೆಯ ಪಟ್ಟಿಯ ಕೊನೆಯಿಂದಲೇ ಆರಂಭಿಸಬೇಕಾಗುತ್ತದೆ. ಆದ್ದರಿಂದ ಒಪ್ಪಂದ ಹಿಡಿಸದಿದ್ದರೆ ಕೆಲಸ ಬಿಟ್ಟು ಹೋಗಬಹುದಲ್ಲ ಎಂಬ ಮಾತು ಈ ವೃತ್ತಿಗೆ ಸುಲಭವಾಗಿ ಒಪ್ಪುವುದಿಲ್ಲ.

ಎರಡು ಸಂಸ್ಥೆಗಳು ವಿಲೀನಗೊಂಡಾಗ ಎರಡು ಪಟ್ಟಿಗಳನ್ನು ಒಂದಾಗಿ ಹೆಣೆಯಬೇಕಾಗುತ್ತದೆ. ಸೇವೆಗೆ ಸೇರಿದ ದಿನಾಂಕವನ್ನು ಆಧಾರವಾಗಿಟ್ಟರೆ ಒಂದು ಗುಂಪಿಗೆ ಅನುಕೂಲ. ಕಮಾಂಡರ್ ಆದ ದಿನಾಂಕವನ್ನು ಇಟ್ಟರೆ ಇನ್ನೊಂದಕ್ಕೆ ಅನುಕೂಲ. ಇಬ್ಬರನ್ನೂ ಸಮಪ್ರಮಾಣದಲ್ಲಿ ತೆಗೆದುಕೊಂಡರೆ ಸಂಖ್ಯೆಯಲ್ಲಿ ಹೆಚ್ಚಿರುವವರಿಗೆ ಅಸಮಾಧಾನ. ವೇತನದಲ್ಲಿ ಆದ ನಷ್ಟವನ್ನು ಮುಂದಿನ ಪರಿಷ್ಕರಣೆಯಲ್ಲಿ ಸರಿಪಡಿಸಬಹುದು. ಪಟ್ಟಿಯಲ್ಲಿ ಕಳೆದುಕೊಂಡ ಸ್ಥಾನ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ.

ತರಬೇತಿ, ಬಾಂಡ್ ಮತ್ತು ನೋಟಿಸ್ ಅವಧಿ

ಪ್ರತಿಯೊಂದು ಮಾದರಿಯ ವಿಮಾನಕ್ಕೂ ಪೈಲಟ್ ಪ್ರತ್ಯೇಕ ತರಬೇತಿ ಪಡೆದು ಪರವಾನಗಿಯಲ್ಲಿ ಆ ಮಾದರಿಯನ್ನು ಸೇರಿಸಿಕೊಳ್ಳಬೇಕು. ಇದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ತರಗತಿಯ ಪಾಠ, ಸಿಮ್ಯುಲೇಟರ್ ಅಭ್ಯಾಸ ಮತ್ತು ಅನುಭವಿ ಪೈಲಟ್‌ನ ಮೇಲ್ವಿಚಾರಣೆಯಲ್ಲಿ ಮಾರ್ಗದ ಹಾರಾಟಗಳು ಇದರಲ್ಲಿ ಸೇರಿವೆ. ತರಬೇತಿಯ ವೆಚ್ಚವನ್ನು ಸಂಸ್ಥೆ ಭರಿಸಿದಾಗ ಪೈಲಟ್ ನಿಗದಿತ ಅವಧಿ ಸೇವೆ ಸಲ್ಲಿಸುವುದಾಗಿ ಬಾಂಡ್ ಬರೆದುಕೊಡುವುದು ವಾಡಿಕೆ. ತರಬೇತಿಯ ತಿಂಗಳುಗಳಲ್ಲಿ ಹಾರಾಟದ ಗಂಟೆಗಳು ಕಡಿಮೆಯಾಗುವುದರಿಂದ ಆ ಅವಧಿಯ ವೇತನವನ್ನೂ ಒಪ್ಪಂದದಲ್ಲಿ ಸ್ಪಷ್ಟಪಡಿಸಬೇಕಾಗುತ್ತದೆ.

ಹೊಸ ಮಾದರಿಗೆ ವರ್ಗಾವಣೆಗೊಳ್ಳುವ ಅವಧಿಗೆ ಸುರಕ್ಷತೆಯ ದೃಷ್ಟಿಯಿಂದಲೂ ಮಹತ್ವವಿದೆ. 1990ರ ಫೆಬ್ರುವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನವು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯುವ ಮುನ್ನ ಅಪಘಾತಕ್ಕೀಡಾಗಿ, ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತಪಟ್ಟರು. ಎ320 ಆಗ ಸಂಸ್ಥೆಗೆ ಹೊಸದಾಗಿ ಬಂದಿದ್ದ ಮಾದರಿ. ಆ ಹಾರಾಟವು ಕಮಾಂಡರ್ ಅರ್ಹತೆಗಾಗಿ ನಡೆಯುತ್ತಿದ್ದ ಮಾರ್ಗ ಪರೀಕ್ಷೆಯೂ ಆಗಿತ್ತು.

2017ರಲ್ಲಿ ಡಿಜಿಸಿಎ ಹೊರಡಿಸಿದ ನಿಯಮದಂತೆ, ಕೆಲಸ ಬಿಡುವ ಕಮಾಂಡರ್ ಒಂದು ವರ್ಷದ ಮತ್ತು ಫಸ್ಟ್ ಆಫೀಸರ್ ಆರು ತಿಂಗಳ ನೋಟಿಸ್ ನೀಡಬೇಕು. ಬಾಂಡ್ ಹಾಗೂ ನೋಟಿಸ್ ಅವಧಿ ಎರಡೂ ಸೇರಿ ಪೈಲಟ್‌ನ ಚೌಕಾಶಿಯ ಶಕ್ತಿಯನ್ನು ಕುಗ್ಗಿಸುತ್ತವೆ ಎಂಬುದು ಪೈಲಟ್ ಸಂಘಗಳ ವಾದ. ತರಬೇತಾದ ಪೈಲಟ್‌ಗಳು ಒಮ್ಮೆಲೇ ಹೊರನಡೆದರೆ ಹಾರಾಟಗಳು ರದ್ದಾಗಿ ಪ್ರಯಾಣಿಕರಿಗೆ ತೊಂದರೆಯಾಗುತ್ತದೆ ಎಂಬುದು ಸಂಸ್ಥೆಗಳ ಹಾಗೂ ನಿಯಂತ್ರಕರ ನಿಲುವು.

ಕಾನೂನಿನ ಚೌಕಟ್ಟು

1947ರ ಕೈಗಾರಿಕಾ ವಿವಾದಗಳ ಕಾಯಿದೆಯು ವಿಮಾನ ಸಾರಿಗೆಯನ್ನು ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಸೇರಿಸಿತ್ತು. ಅದರ 22ನೆಯ ಕಲಮಿನಂತೆ ಇಂತಹ ಸೇವೆಯಲ್ಲಿರುವವರು ಮುಂಚಿತವಾಗಿ ನೋಟಿಸ್ ನೀಡದೆ ಮುಷ್ಕರ ಹೂಡುವಂತಿರಲಿಲ್ಲ. ನೋಟಿಸ್ ನೀಡಿ 14 ದಿನ ಕಳೆಯುವ ಮೊದಲೂ, ರಾಜಿ ಸಂಧಾನ ನಡೆಯುತ್ತಿರುವಾಗಲೂ, ಸಂಧಾನ ಮುಗಿದ ಏಳು ದಿನಗಳವರೆಗೂ ಮುಷ್ಕರಕ್ಕೆ ನಿಷೇಧವಿತ್ತು. 18ನೆಯ ಕಲಮಿನಂತೆ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದವು ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು; ಅದರ ಹೊರಗೆ ಆದ ಒಪ್ಪಂದವು ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಬಂಧಿಸುತ್ತಿತ್ತು. 9ಎ ಕಲಮು ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸ್ ನೀಡಬೇಕೆಂದು ವಿಧಿಸಿತ್ತು.

ಈ ರಕ್ಷಣೆಗಳು ಕಾಯಿದೆಯ ಅರ್ಥದಲ್ಲಿ ‘ಕಾರ್ಮಿಕ’ ಎನಿಸಿಕೊಂಡವರಿಗೆ ಮಾತ್ರ ದೊರೆಯುತ್ತಿದ್ದವು. ಆಡಳಿತ ವರ್ಗಕ್ಕೆ ಸೇರಿದವರು ಇದರಿಂದ ಹೊರಗುಳಿಯುತ್ತಿದ್ದರು. ಪೈಲಟ್‌ನ ಕೆಲಸವು ತಾಂತ್ರಿಕ ಕೌಶಲದ ಕೆಲಸವೆಂಬ ನೆಲೆಯಲ್ಲಿ ಸಂಘಗಳು ಕಾರ್ಮಿಕ ಸ್ಥಾನವನ್ನು ಪ್ರತಿಪಾದಿಸುತ್ತ ಬಂದಿವೆ. ಹೀಗಾಗಿ ಒಪ್ಪಂದದಲ್ಲಿ ಪದನಾಮವೊಂದು ಬದಲಾದರೂ ಅದರ ಪರಿಣಾಮ ವೇತನದ ಅಂಕಿಗಳನ್ನು ಮೀರಿ ಹೋಗಬಹುದು.

ಹಳೆಯ ಕಾಯಿದೆಯ ಸ್ಥಾನಕ್ಕೆಂದು ಸಂಸತ್ತು 2020ರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ಅಂಗೀಕರಿಸಿತು. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಂದೇ ದಿನ ಸಾಮೂಹಿಕವಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ ಅದು ಮುಷ್ಕರದ ವ್ಯಾಖ್ಯೆಯಲ್ಲಿ ಸೇರಿಸಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವಲ್ಲಿ ಶೇಕಡ 51 ಅಥವಾ ಹೆಚ್ಚು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಏಕೈಕ ಮಾತುಕತೆ ಸಂಘವೆಂದು ಗುರುತಿಸಲು ಅವಕಾಶ ಕಲ್ಪಿಸಿದೆ.

ಭಾರತದ ಪ್ರಮುಖ ಪ್ರಕರಣಗಳು

ಏರ್ ಇಂಡಿಯಾ ವಿಲೀನ ಮತ್ತು 2011ರ ಮುಷ್ಕರ

1953ರಲ್ಲಿ ವಿಮಾನ ಸಾರಿಗೆ ರಾಷ್ಟ್ರೀಕರಣಗೊಂಡಾಗ ದೇಶದೊಳಗಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್, ವಿದೇಶಿ ಹಾರಾಟಕ್ಕೆ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಎಂಬ ಎರಡು ನಿಗಮಗಳು ರಚನೆಯಾದವು. ಕಾಲಕ್ರಮದಲ್ಲಿ ಒಂದರ ಬಳಿ ಹೆಚ್ಚಾಗಿ ನ್ಯಾರೋಬಾಡಿ, ಇನ್ನೊಂದರ ಬಳಿ ಹೆಚ್ಚಾಗಿ ವೈಡ್‌ಬಾಡಿ ವಿಮಾನಗಳು ಸೇರಿದವು. ವೇತನ, ಬಡ್ತಿ ಹಾಗೂ ಸಂಘಟನೆಗಳೂ ಬೇರೆಯಾಗಿಯೇ ಬೆಳೆದವು. ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳನ್ನು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್, ಏರ್ ಇಂಡಿಯಾದವರನ್ನು ಇಂಡಿಯನ್ ಪೈಲಟ್ಸ್ ಗಿಲ್ಡ್ ಪ್ರತಿನಿಧಿಸುತ್ತಿದ್ದವು.

2007ರ ಆಗಸ್ಟ್ 27ರಂದು ಎರಡೂ ಸಂಸ್ಥೆಗಳು ವಿಲೀನಗೊಂಡವು. ಕಂಪನಿ ಒಂದಾದರೂ ಪೈಲಟ್‌ಗಳ ವೇತನ ಪದ್ಧತಿ ಎರಡಾಗಿಯೇ ಉಳಿಯಿತು. ಸಮಾನ ವೇತನ ಹಾಗೂ ನಿಗದಿತ ಗಂಟೆಗಳ ಖಾತರಿ ಪಾವತಿಗೆ ಒತ್ತಾಯಿಸಿ ಹಿಂದಿನ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್‌ಗಳು 2011ರ ಏಪ್ರಿಲ್ 27ರಿಂದ ಮುಷ್ಕರ ಹೂಡಿದರು. ಆಡಳಿತ ಮಂಡಳಿಯು ಅವರ ಸಂಘದ ಮಾನ್ಯತೆಯನ್ನು ರದ್ದುಪಡಿಸಿ ಕೆಲವು ಮುಖಂಡರನ್ನು ವಜಾಗೊಳಿಸಿತು. ಸರ್ಕಾರದೊಡನೆ ಮಾತುಕತೆಯ ನಂತರ ಮೇ 6ರಂದು ಮುಷ್ಕರ ಕೊನೆಗೊಂಡಿತು. ಎರಡೂ ಗುಂಪುಗಳ ವೇತನ ಹಾಗೂ ಜ್ಯೇಷ್ಠತೆಯನ್ನು ಸಮನ್ವಯಗೊಳಿಸುವ ಬಗೆಯನ್ನು ಸೂಚಿಸಲು ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಡಿ. ಎಂ. ಧರ್ಮಾಧಿಕಾರಿ ಅವರ ನೇತೃತ್ವದ ಸಮಿತಿಯು 2012ರ ಜನವರಿಯಲ್ಲಿ ವರದಿ ಸಲ್ಲಿಸಿತು.

ಡ್ರೀಮ್‌ಲೈನರ್ ವಿವಾದ, 2012

ವಿಲೀನಕ್ಕೂ ಮುಂಚೆ ಏರ್ ಇಂಡಿಯಾ 27 ಬೋಯಿಂಗ್ 787 ಡ್ರೀಮ್‌ಲೈನರ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತ್ತು. ಅವು ಬರುವ ಹೊತ್ತಿಗೆ ಕಂಪನಿ ಒಂದಾಗಿತ್ತು. ಎರಡೂ ಗುಂಪುಗಳ ಪೈಲಟ್‌ಗಳಿಗೆ ಈ ವಿಮಾನದ ತರಬೇತಿ ನೀಡಲು ಆಡಳಿತ ಮಂಡಳಿ ನಿರ್ಧರಿಸಿತು. ಈ ವಿಮಾನಗಳನ್ನು ಕೊಂಡದ್ದು ಹಿಂದಿನ ಏರ್ ಇಂಡಿಯಾ. ಅವುಗಳಲ್ಲಿ ಹೊರಗಿನವರಿಗೆ ಸ್ಥಾನ ಕೊಟ್ಟರೆ ತಮ್ಮ ಬಡ್ತಿ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ ಎಂದು ಇಂಡಿಯನ್ ಪೈಲಟ್ಸ್ ಗಿಲ್ಡ್ ವಿರೋಧಿಸಿತು. ಒಂದೇ ಕಂಪನಿಯ ನೌಕರರಾದ ಮೇಲೆ ದೊಡ್ಡ ವಿಮಾನದಿಂದ ತಮ್ಮನ್ನು ದೂರವಿಡುವುದು ತಾರತಮ್ಯವೆಂಬುದು ಇನ್ನೊಂದು ಗುಂಪಿನ ವಾದವಾಗಿತ್ತು.

2012ರ ಮೇ ಎರಡನೆಯ ವಾರದಲ್ಲಿ ಗಿಲ್ಡ್‌ನ ಪೈಲಟ್‌ಗಳು ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದರು. ದೆಹಲಿ ಉಚ್ಚ ನ್ಯಾಯಾಲಯವು ಈ ಚಳವಳಿಗೆ ತಡೆ ನೀಡಿತು. ಗಿಲ್ಡ್‌ನ ಮಾನ್ಯತೆ ರದ್ದಾಯಿತು. ಸುಮಾರು ನೂರು ಪೈಲಟ್‌ಗಳನ್ನು ವಜಾಗೊಳಿಸಲಾಯಿತು. ವಿದೇಶಿ ಹಾರಾಟಗಳನ್ನು ಕಡಿತಗೊಳಿಸಲಾಯಿತು. 58 ದಿನಗಳ ನಂತರ, ಜುಲೈ 3ರಂದು, ನ್ಯಾಯಾಲಯದ ಮುಂದೆ ನಡೆದ ಪ್ರಕ್ರಿಯೆಯಲ್ಲಿ ಮುಷ್ಕರ ಹಿಂತೆಗೆದುಕೊಳ್ಳಲಾಯಿತು. ಏರ್ ಇಂಡಿಯಾದ ಮೊದಲ ಡ್ರೀಮ್‌ಲೈನರ್ ಅದೇ ವರ್ಷದ ಸೆಪ್ಟೆಂಬರ್ 8ರಂದು ದೆಹಲಿಗೆ ಬಂದಿತು. ಅದರ ವಾಣಿಜ್ಯ ಸೇವೆ ಆರಂಭದಲ್ಲಿ ದೆಹಲಿಯಿಂದ ಚೆನ್ನೈ ಹಾಗೂ ಬೆಂಗಳೂರಿಗೆ ನಡೆಯಿತು.

ಈ ವಿವಾದದ ಕೇಂದ್ರದಲ್ಲಿದ್ದದ್ದು ವೇತನದ ದರಕ್ಕಿಂತ ಹೆಚ್ಚಾಗಿ, ಆ ದರವನ್ನು ಗಳಿಸುವ ಆಸನಕ್ಕೆ ಯಾರು ಮೊದಲು ತಲುಪಬೇಕು ಎಂಬ ಪ್ರಶ್ನೆ. ವಿಲೀನದ ಸಮಯದಲ್ಲಿ ಅದನ್ನು ಇತ್ಯರ್ಥಪಡಿಸದೆ ಬಿಟ್ಟದ್ದರಿಂದ ಐದು ವರ್ಷಗಳ ನಂತರ, ಸಂಸ್ಥೆ ಭಾರೀ ಸಾಲದಲ್ಲಿದ್ದಾಗ, ಅದು ಮತ್ತೆ ಎದುರಾಯಿತು.

ಕಿಂಗ್‌ಫಿಷರ್ ಏರ್‌ಲೈನ್ಸ್

ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಎ320 ವಿಮಾನಗಳೊಂದಿಗೆ ಹಾರಾಟ ಆರಂಭಿಸಿತು. ಅದೇ ವರ್ಷ ಐದು ಎ380 ವಿಮಾನಗಳಿಗೂ ಬೇಡಿಕೆ ಸಲ್ಲಿಸಿತು. ಆದರೆ ಅವು ಎಂದೂ ಬರಲಿಲ್ಲ. 2007ರಲ್ಲಿ, ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸ್ಥಾಪಿಸಿದ್ದ ಬೆಂಗಳೂರಿನ ಏರ್ ಡೆಕ್ಕನ್‌ನಲ್ಲಿ ಪಾಲು ಪಡೆದು ನಂತರ ಅದನ್ನು ವಿಲೀನಗೊಳಿಸಿಕೊಂಡಿತು. 2008ರ ಸೆಪ್ಟೆಂಬರ್‌ನಲ್ಲಿ ವೈಡ್‌ಬಾಡಿ ಎ330 ವಿಮಾನದಿಂದ ಬೆಂಗಳೂರು–ಲಂಡನ್ ಸೇವೆ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಸಂಸ್ಥೆ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ, ಪೈಲಟ್‌ಗಳಿಗೂ ಎಂಜಿನಿಯರ್‌ಗಳಿಗೂ ಹಲವು ತಿಂಗಳ ವೇತನ ಬಾಕಿ ಉಳಿಯಿತು. ನೌಕರರು ಕೆಲಸ ಸ್ಥಗಿತಗೊಳಿಸಿದ ಬೆನ್ನಲ್ಲೇ 2012ರ ಅಕ್ಟೋಬರ್ ಆರಂಭದಲ್ಲಿ ಸಂಸ್ಥೆ ಲಾಕ್‌ಔಟ್ ಘೋಷಿಸಿತು. ಅಕ್ಟೋಬರ್ 20ರಂದು ಡಿಜಿಸಿಎ ಅದರ ಹಾರಾಟ ಪರವಾನಗಿಯನ್ನು ಅಮಾನತಿನಲ್ಲಿಟ್ಟಿತು. ಒಪ್ಪಂದದಲ್ಲಿ ಬರೆದ ದರ ಎಷ್ಟೇ ಇದ್ದರೂ ಅದನ್ನು ಪಾವತಿಸುವ ಸಂಸ್ಥೆಯ ಸಾಮರ್ಥ್ಯವನ್ನೂ ಪರಿಗಣಿಸಬೇಕೆಂಬುದಕ್ಕೆ ಈ ಪ್ರಕರಣ ನಿದರ್ಶನ.

ಖಾಸಗೀಕರಣಾನಂತರದ ಏರ್ ಇಂಡಿಯಾ, 2023

2022ರ ಜನವರಿ 27ರಂದು ಏರ್ ಇಂಡಿಯಾ ಟಾಟಾ ಸಮೂಹದ ವಶಕ್ಕೆ ಬಂದಿತು. 2023ರ ಫೆಬ್ರುವರಿಯಲ್ಲಿ ಸಂಸ್ಥೆಯು 470 ಹೊಸ ವಿಮಾನಗಳನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅವುಗಳಲ್ಲಿ 40 ಏರ್‌ಬಸ್ ಎ350, 20 ಬೋಯಿಂಗ್ 787 ಹಾಗೂ 10 ಬೋಯಿಂಗ್ 777ಎಕ್ಸ್ ವೈಡ್‌ಬಾಡಿ ವಿಮಾನಗಳು ಸೇರಿದ್ದವು. ಎರಡು ತಿಂಗಳ ನಂತರ ಪೈಲಟ್‌ಗಳಿಗೆ ಹೊಸ ವೇತನ ಕರಾರನ್ನು ನೀಡಿ ಸಹಿ ಹಾಕುವಂತೆ ಸೂಚಿಸಲಾಯಿತು.

ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್ ಮತ್ತು ಇಂಡಿಯನ್ ಪೈಲಟ್ಸ್ ಗಿಲ್ಡ್ ಈ ಬಾರಿ ಒಂದಾಗಿ ಕರಾರನ್ನು ತಿರಸ್ಕರಿಸಿ, ಸಹಿ ಹಾಕದಂತೆ ಸದಸ್ಯರಿಗೆ ತಿಳಿಸಿದವು. ಆಕ್ಷೇಪಗಳು ಮುಖ್ಯವಾಗಿ ಎರಡು. ಮೊದಲನೆಯದು, ಖಾತರಿ ಹಾರಾಟ ಭತ್ಯೆಯನ್ನು 40 ಗಂಟೆಗೆ ನಿಗದಿಪಡಿಸಿದ್ದು. ಕೋವಿಡ್‌ಗೆ ಮುಂಚೆ ಇದು 70 ಗಂಟೆಯಾಗಿತ್ತು. ಎರಡನೆಯದು, ಅನುಭವಿ ಕಮಾಂಡರ್‌ಗಳನ್ನು ‘ಸೀನಿಯರ್ ಕಮಾಂಡರ್’ ಎಂಬ ಪದನಾಮದಡಿ ಆಡಳಿತ ವರ್ಗಕ್ಕೆ ಸೇರಿಸುವ ಪ್ರಸ್ತಾಪ. ಇದರಿಂದ ಅವರು ಕಾರ್ಮಿಕ ಕಾನೂನಿನ ರಕ್ಷಣೆಯನ್ನೂ ಸಂಘದ ಸದಸ್ಯತ್ವವನ್ನೂ ಕಳೆದುಕೊಳ್ಳುತ್ತಾರೆಂದು ಸಂಘಗಳು ವಾದಿಸಿದವು. 1,500ಕ್ಕೂ ಹೆಚ್ಚು ಪೈಲಟ್‌ಗಳು ಸಹಿ ಮಾಡಿದ ಮನವಿಯೊಂದನ್ನು ರತನ್ ಟಾಟಾ ಅವರಿಗೆ ಕಳುಹಿಸಲಾಯಿತು. 2012ರಲ್ಲಿ ಎದುರುಬದುರಾಗಿದ್ದ ಎರಡು ಸಂಘಗಳು ಹನ್ನೊಂದು ವರ್ಷಗಳ ನಂತರ ಒಂದೇ ಪಕ್ಷದಲ್ಲಿ ನಿಂತದ್ದು ಈ ವಿವಾದದ ವಿಶೇಷ.

ವಿಸ್ತಾರ, 2024

ವಿಸ್ತಾರ ಸಂಸ್ಥೆಯನ್ನು ಏರ್ ಇಂಡಿಯಾದೊಡನೆ ವಿಲೀನಗೊಳಿಸುವ ಸಿದ್ಧತೆಯಲ್ಲಿ ಅದರ ಪೈಲಟ್‌ಗಳಿಗೂ ಏರ್ ಇಂಡಿಯಾ ಮಾದರಿಯ ಕರಾರನ್ನು ನೀಡಲಾಯಿತು. ಖಾತರಿ ಗಂಟೆಗಳು 70ರಿಂದ 40ಕ್ಕೆ ಇಳಿದದ್ದರಿಂದ, ವಿಶೇಷವಾಗಿ ಫಸ್ಟ್ ಆಫೀಸರ್‌ಗಳ ಖಚಿತ ಆದಾಯ ಕುಸಿಯುವ ಸ್ಥಿತಿ ಉಂಟಾಯಿತು. ವಿಲೀನದ ನಂತರ ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಸ್ಥಾನವೇನೆಂಬ ಆತಂಕವೂ ಇತ್ತು. 2024ರ ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದಲ್ಲಿ ಹಲವು ಪೈಲಟ್‌ಗಳು ಅನಾರೋಗ್ಯದ ಕಾರಣ ನೀಡಿ ಗೈರುಹಾಜರಾದರು. ಅನೇಕ ಹಾರಾಟಗಳು ರದ್ದಾಗಿ, ಸಂಸ್ಥೆಯು ತನ್ನ ದೈನಂದಿನ ಹಾರಾಟಗಳನ್ನು ಶೇಕಡ ಹತ್ತರಷ್ಟು ಕಡಿಮೆ ಮಾಡಬೇಕಾಯಿತು. 2024ರ ನವೆಂಬರ್ 12ರಂದು ವಿಲೀನ ಪೂರ್ಣಗೊಂಡಿತು.

ಇತರ ದೇಶಗಳಲ್ಲಿ

ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯು ಸಿಡ್ನಿಯಿಂದ ಲಂಡನ್ ಹಾಗೂ ನ್ಯೂಯಾರ್ಕ್‌ಗೆ ನಿಲುಗಡೆಯಿಲ್ಲದೆ ಹಾರಲು ಎ350 ವಿಮಾನಗಳನ್ನು ಕೊಳ್ಳುವ ಯೋಜನೆ ರೂಪಿಸಿದಾಗ, ಆ ವಿಮಾನದ ಹಾರಾಟವನ್ನು ಒಳಗೊಂಡ ವೇತನ ಕರಾರನ್ನು ಪೈಲಟ್‌ಗಳ ಮುಂದಿಟ್ಟಿತು. ಒಪ್ಪದಿದ್ದರೆ ಹೊರಗಿನಿಂದ ಹೊಸ ಪೈಲಟ್‌ಗಳನ್ನು ನೇಮಿಸಿಕೊಳ್ಳುವುದಾಗಿಯೂ ಸಂಸ್ಥೆ ಸೂಚಿಸಿತ್ತು. 2020ರ ಮಾರ್ಚ್‌ನಲ್ಲಿ ನಡೆದ ಮತದಾನದಲ್ಲಿ ಶೇಕಡ 85ರಷ್ಟು ಮತಗಳು ಕರಾರಿನ ಪರವಾಗಿ ಬಂದವು.

ಅಮೆರಿಕನ್ ಏರ್‌ಲೈನ್ಸ್ 1983ರಲ್ಲಿ ಎರಡು ಹಂತದ ವೇತನ ಪದ್ಧತಿಯನ್ನು ಜಾರಿಗೆ ತಂದಿತು. ಇದರಲ್ಲಿ ಸೇವೆಯಲ್ಲಿದ್ದವರ ದರ ಹಾಗೆಯೇ ಉಳಿದು, ಹೊಸದಾಗಿ ಸೇರುವವರಿಗೆ ಅದೇ ಕೆಲಸಕ್ಕೆ ಕಡಿಮೆ ದರ ನಿಗದಿಯಾಯಿತು. ಸಹಿ ಹಾಕಿದವರಿಗೆ ನಷ್ಟವಾಗದ ಒಪ್ಪಂದದ ಹೊರೆಯು ಮುಂದೆ ಬರುವವರ ಮೇಲೆ ಬೀಳಬಹುದೆಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

ಕರಡು ಒಪ್ಪಂದದ ಪರಿಶೀಲನೆ

ಮೇಲಿನ ಪ್ರಕರಣಗಳ ಆಧಾರದಲ್ಲಿ, ದೊಡ್ಡ ವಿಮಾನಗಳ ವೇತನ ಕರಡನ್ನು ಪೈಲಟ್‌ಗಳೂ ಸಂಘಗಳೂ ಸಾಮಾನ್ಯವಾಗಿ ಈ ಅಂಶಗಳಲ್ಲಿ ತೂಗಿ ನೋಡುತ್ತವೆ:

ಗಂಟೆಯ ದರ ಮತ್ತು ಖಾತರಿ ಗಂಟೆಗಳ ಗುಣಲಬ್ಧ ಹಿಂದಿಗಿಂತ ಹೆಚ್ಚೇ, ಕಡಿಮೆಯೇ.

ದೊಡ್ಡ ವಿಮಾನಕ್ಕೆ ಆಯ್ಕೆ ಯಾವ ಪಟ್ಟಿಯಿಂದ, ಯಾವ ಕ್ರಮದಲ್ಲಿ ನಡೆಯುತ್ತದೆ.

ತರಬೇತಿಯ ಅವಧಿಯ ವೇತನ, ಬಾಂಡ್‌ನ ಮೊತ್ತ ಹಾಗೂ ಅವಧಿ ಎಷ್ಟು.

ಪದನಾಮ ಬದಲಾವಣೆಯಿಂದ ಕಾರ್ಮಿಕ ಸ್ಥಾನಕ್ಕೆ ಧಕ್ಕೆಯಿದೆಯೇ.

ಫಸ್ಟ್ ಆಫೀಸರ್‌ಗಳಿಗೂ ಮುಂದೆ ಸೇರುವವರಿಗೂ ಸಿಗುವ ಪಾಲು ಎಷ್ಟು.

ಸಂಸ್ಥೆಯು ಬರೆದುಕೊಟ್ಟದ್ದನ್ನು ಪಾವತಿಸುವ ಸ್ಥಿತಿಯಲ್ಲಿದೆಯೇ. ಒಪ್ಪದಿದ್ದರೆ ಅದರ ಮುಂದಿರುವ ಬೇರೆ ದಾರಿಗಳೇನು.

ಒಂದೇ ಕರಡು ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ. ನಿವೃತ್ತಿಗೆ ಹತ್ತಿರವಿರುವ ಕಮಾಂಡರ್‌ಗೆ ಗಂಟೆಯ ದರ ಮುಖ್ಯವಾದರೆ, ಕೆಲಸಕ್ಕೆ ಆಗತಾನೆ ಸೇರಿದವನಿಗೆ ಬಡ್ತಿಯ ಕ್ರಮ ಮುಖ್ಯ. ತರಬೇತಿಗಾಗಿ ಮಾಡಿದ ಸಾಲದ ಕಂತು ಕಟ್ಟುತ್ತಿರುವ ಫಸ್ಟ್ ಆಫೀಸರ್‌ಗೆ ಖಾತರಿ ಗಂಟೆಗಳೇ ಆಧಾರ. ಸಂಘವೊಂದರ ಒಳಗೇ ಅಭಿಪ್ರಾಯಗಳು ಒಡೆಯುವುದು ಈ ಕಾರಣದಿಂದ.

ಕರ್ನಾಟಕದಲ್ಲಿ

ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಿದೆ. ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟದ ಅನುಭವ ಬೇಕು. 2008ರ ಮೇ 24ರಂದು ದೇವನಹಳ್ಳಿಯ ಬಳಿ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ನಂತರ ಬೆಂಗಳೂರಿನಿಂದ ವೈಡ್‌ಬಾಡಿ ಹಾರಾಟಗಳು ಹೆಚ್ಚಿದವು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಸೇವೆಯನ್ನು ಬೋಯಿಂಗ್ 777 ವಿಮಾನದಿಂದ ಆರಂಭಿಸಿದಾಗ, ಮೊದಲ ಹಾರಾಟವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದರು. 2024ರ ಜನವರಿ 22ರಂದು ಏರ್ ಇಂಡಿಯಾದ ಎ350 ವಿಮಾನವು ತನ್ನ ಮೊದಲ ವಾಣಿಜ್ಯ ಹಾರಾಟವನ್ನು ಬೆಂಗಳೂರಿನಿಂದ ಮುಂಬಯಿಗೆ ನಡೆಸಿತು. ಇಂಡಿಗೊ ಸಂಸ್ಥೆಯೂ 2024ರ ಏಪ್ರಿಲ್‌ನಲ್ಲಿ 30 ಎ350 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು, ಇದುವರೆಗೆ ಬಹುಪಾಲು ನ್ಯಾರೋಬಾಡಿ ವಿಮಾನಗಳನ್ನೇ ನಡೆಸಿದ ಅದರ ಪೈಲಟ್‌ಗಳಿಗೂ ದೊಡ್ಡ ವಿಮಾನದ ದರ, ಗಂಟೆ ಮತ್ತು ಸರದಿಯ ಪ್ರಶ್ನೆಗಳು ಅನ್ವಯಿಸುತ್ತವೆ.